ಪಕ್ಕದ ಶಾಲೆಯೋ, ಸ್ಪೆಷಲ್ ಶಾಲೆಯೋ: ತೀರ್ಮಾನ ಮಾಡುವವರು ಯಾರು?

ಕುಷ್ಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಕಿವಿ ಕೇಳದ, ಕಣ್ಣು ಕಾಣದ ಅಥವಾ ಕಲಿಕೆ ನಿಧಾನ ಇರುವ ಮಗುವನ್ನು ಶಾಲೆಗೆ ಸೇರಿಸಲು ಹೋದ ತಂದೆತಾಯಿ ಎಷ್ಟೋ ಸಲ ಕೇಳಿಸಿಕೊಂಡು ಬರುವ ಮಾತು ಒಂದಿದೆ. "ಇಲ್ಲಿ ನಮಗ ನೋಡ್ಕೊಳ್ಳಾಕ ಆಗಂಗಿಲ್ರಿ, ಸ್ಪೆಷಲ್ ಸಾಲಿಗೆ ಹಾಕ್ರಿ." ಹೀಗೆ ಹೇಳುವ ಮಾಸ್ತರು ಕೆಟ್ಟವರು ಅಂತ ನಾನು ಹೇಳಲ್ಲ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕ ಬರೆಯುವವರಿಗೆ ಇನ್ನೊಂದು ಜವಾಬ್ದಾರಿ ಬೇಡ ಅನ್ನಿಸುವುದು ಸಹಜ. ಆದರೆ ಕಾನೂನಿನ ಪ್ರಕಾರ ಆ ತೀರ್ಮಾನ ಮಾಡುವ ಅಧಿಕಾರ ಅವರಿಗಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ಮನೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ, ಮತ್ತು ಯಾವುದರಲ್ಲಿ ಅನ್ನುವ ಆಯ್ಕೆ ಆ ಮಗುವಿನದು. ಮಗುವಿನ ಪರವಾಗಿ ಮನೆಯವರು ಮಾತಾಡಬಹುದು, ಹೆಡ್‌ಮಾಸ್ತರು ಮಾತಾಡುವ ಹಾಗಿಲ್ಲ. ಈ ಒಂದು ಸಾಲು ಕಾನೂನಿನ ಪುಸ್ತಕಕ್ಕೆ ಬರಲು ಎಷ್ಟು ಕಾಲ ಹಿಡಿಯಿತು, ಬಂದ ಮೇಲೂ ಅದು ನಮ್ಮೂರಿನ ಬಾಗಿಲಲ್ಲಿ ಯಾಕೆ ಎಡವುತ್ತದೆ ಅನ್ನುವುದನ್ನು ನೋಡೋಣ.

ಮೊದಮೊದಲು ಇದೆಲ್ಲ ದಯೆಯ ವ್ಯವಹಾರವಾಗಿತ್ತು. 18ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಪಾದ್ರಿ ಕಿವುಡ ಮಕ್ಕಳಿಗೆ ಸನ್ನೆ ಭಾಷೆಯಲ್ಲೇ ಕಲಿಸುವ ಶಾಲೆ ಶುರು ಮಾಡಿದರು. ಅದೇ ಊರಿನ ಅಂಧರ ಶಾಲೆಯಲ್ಲಿ ಓದುತ್ತಿದ್ದ ಲೂಯಿ ಬ್ರೈಲ್ ಅನ್ನುವ ಹುಡುಗ 1824ರ ಹೊತ್ತಿಗೆ, ಇನ್ನೂ 15 ವರ್ಷದವನಿದ್ದಾಗಲೇ, ಆರು ಚುಕ್ಕೆಗಳ ಲಿಪಿ ಕಟ್ಟಿದ. ಕಣ್ಣು ಕಾಣುವ ಮಾಸ್ತರುಗಳಿಗೆ ಅದು ಹಿಡಿಸಲಿಲ್ಲ, ಅವರ ಕೈಬೆರಳಿಗೆ ಅದು ಬೇಕಾಗಿರಲಿಲ್ಲವಲ್ಲ! 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಸೇರಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಸನ್ನೆ ಭಾಷೆ ಬೇಡ, ಬಾಯಿಮಾತಿನಲ್ಲೇ ಕಲಿಸಬೇಕು ಅಂತ ನಿರ್ಣಯ ಮಾಡಿದರು. ಅದರ ನಂತರ ಹಲವು ದೇಶಗಳ ಶಾಲೆಗಳಲ್ಲಿ ಮಕ್ಕಳು ಕೈಯಾಡಿಸಿ ಮಾತಾಡುವುದೇ ತಪ್ಪಾಯಿತು. ಆ ಸಮ್ಮೇಳನದ ಮುಂದಿನ ತಲೆಮಾರು ಅಧಿಕೃತವಾಗಿ ವಿಷಾದ ಹೇಳಿದ್ದು 2010ರಲ್ಲಿ. 130 ವರ್ಷ! ಯಾರ ಬಗ್ಗೆ ತೀರ್ಮಾನವೋ ಅವರನ್ನೇ ಹೊರಗಿಟ್ಟು ತೀರ್ಮಾನ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗಂತೂ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆಯಿತು, ಮಿಷನರಿಯೊಬ್ಬರಿಂದ. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಬಂತು. ಆದರೆ ಅದು ಆಗ ನಮಗೆ ಪರರಾಜ್ಯ. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು, ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1953ರಲ್ಲಿ ಬಳ್ಳಾರಿ, 1956ರಲ್ಲಿ ಉಳಿದೆರಡು ಮೈಸೂರು ರಾಜ್ಯಕ್ಕೆ ಬಂದವು. ಅಲ್ಲಿಯವರೆಗೆ ನಮ್ಮ ಕಡೆಯವರಿಗೆ ಕಣ್ಣಿಲ್ಲದ ಮಗುವಿನ ಓದು ಅಂದರೆ ನೆನಪಾಗುತ್ತಿದ್ದುದು ಪಕ್ಕದ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರೇ, ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಜೋಳ ಕೊಟ್ಟು, ಕಾಣಿಕೆ ಕೊಟ್ಟು ಅದನ್ನು ನಡೆಸಿದ್ದು ಜನರು. ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಹಾಡು ಬಾರದ ಕುರುಡು ಹುಡುಗನಿಗೆ, ಗದಗಕ್ಕೆ ಕಳಿಸಲು ಮನೆಯಲ್ಲಿ ಒಪ್ಪದ ಹುಡುಗಿಗೆ ಏನು ದಾರಿ? ದಾನ ಕೊಡುವವರನ್ನು ನೀವು ಪ್ರಶ್ನೆ ಮಾಡಲು ಬರುವುದಿಲ್ಲ, ಬೇಡಬಹುದು ಅಷ್ಟೇ.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಅಂತ 45ನೇ ವಿಧಿ ಹೇಳಿತು. "ಎಲ್ಲ ಮಕ್ಕಳು" ಅಂದರೆ ಎಲ್ಲರೂ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆ ಕಾಲದ ಕಡ್ಡಾಯ ಶಿಕ್ಷಣ ಕಾಯ್ದೆಗಳಲ್ಲಿ ದೇಹದ ಅಥವಾ ಬುದ್ಧಿಯ ನ್ಯೂನತೆ ಅನ್ನುವುದು ಮಗು ಶಾಲೆಗೆ ಬಾರದಿರಲು ಒಪ್ಪಿಗೆಯಾಗುವ ಕಾರಣಗಳ ಪಟ್ಟಿಯಲ್ಲಿ ಇರುತ್ತಿತ್ತು. ಅಂದರೆ ಕಡ್ಡಾಯದಿಂದ ವಿನಾಯಿತಿ. ಇನ್ನು ತಾರತಮ್ಯ ಮಾಡಬಾರದು ಅನ್ನುವ 15ನೇ ವಿಧಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಎಲ್ಲ ಇವೆ, ಅಂಗವೈಕಲ್ಯ ಇವತ್ತಿಗೂ ಇಲ್ಲ.

ಇಲ್ಲಿಂದ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಬೇಕು. ಯಾಕೆಂದರೆ ದಯೆಯನ್ನು ಕೋರ್ಟಿನಲ್ಲಿ ಹಕ್ಕಾಗಿ ಬದಲಾಯಿಸಿದ ಕಥೆ ಅಲ್ಲಿ ಬಹಳ ಸ್ಪಷ್ಟವಾಗಿ ಸಿಗುತ್ತದೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮಗುವಿನ ಬುದ್ಧಿಯ ವಯಸ್ಸು ಐದು ತಲುಪಿಲ್ಲ ಅಂದರೆ ಶಾಲೆ ಸೇರಿಸಿಕೊಳ್ಳದೆ ಇರಬಹುದು ಅನ್ನುವ ಕಾನೂನಿತ್ತು. ಅಂಥ ಮಕ್ಕಳ ಪೋಷಕರು ಒಟ್ಟಾಗಿ ಕೇಸು ಹಾಕಿದರು. 1971-72ರಲ್ಲಿ ರಾಜ್ಯ ಒಪ್ಪಂದಕ್ಕೆ ಬಂದು ಆ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕಾಯಿತು. 1972ರಲ್ಲೇ ರಾಜಧಾನಿ ವಾಷಿಂಗ್ಟನ್‌ನಲ್ಲಿ ಮಿಲ್ಸ್ ಅನ್ನುವ ಹೆಸರಿನ ಇನ್ನೊಂದು ಕೇಸು ನಡೆಯಿತು. ಅಲ್ಲಿನ ಶಿಕ್ಷಣ ಮಂಡಳಿ ಹೇಳಿದ್ದು ನಮಗೂ ಪರಿಚಯದ ಮಾತೇ: ದುಡ್ಡಿಲ್ಲ. ನ್ಯಾಯಾಧೀಶರು ಕೊಟ್ಟ ಉತ್ತರವನ್ನು ನಾನು ಆಗಾಗ ನೆನಪು ಮಾಡಿಕೊಳ್ಳುತ್ತೇನೆ. ದುಡ್ಡು ಕಡಿಮೆ ಇದ್ದರೆ ಇದ್ದಷ್ಟನ್ನೇ ನ್ಯಾಯವಾಗಿ ಹಂಚಿ, ಯಾವ ಮಗುವೂ ಪೂರ್ತಿ ಹೊರಗೆ ಉಳಿಯಬಾರದು, ಕೊರತೆಯ ಭಾರವನ್ನೆಲ್ಲ ಅಂಗವೈಕಲ್ಯ ಇರುವ ಮಕ್ಕಳ ತಲೆ ಮೇಲೆ ಹೆಚ್ಚಾಗಿ ಹೊರಿಸುವ ಹಾಗಿಲ್ಲ, ಇದು ಅದರ ಸಾರ.

ಈ ಎರಡು ಕೇಸುಗಳ ಬೆನ್ನಿಗೇ 1975ರಲ್ಲಿ ದೊಡ್ಡ ಕಾನೂನು ಬಂತು. ಆಗ ಅಲ್ಲಿ ಅಂಗವೈಕಲ್ಯ ಇರುವ 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಅಂತ ಅಲ್ಲಿನ ಸಂಸತ್ತೇ ಬರೆದುಕೊಂಡಿತ್ತು. ಆ ಕಾನೂನಿನ ಜೀವ ಇರುವುದು ಒಂದು ಕಾಗದದಲ್ಲಿ. ಪ್ರತಿ ಮಗುವಿಗೂ ಪ್ರತ್ಯೇಕ ಕಲಿಕಾ ಯೋಜನೆ ಬರೆಯಬೇಕು: ಈ ವರ್ಷ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಆಯಿತೋ ಇಲ್ಲವೋ ಹೇಗೆ ನೋಡುತ್ತೀರಿ. ಅದನ್ನು ಬರೆಯುವ ಸಭೆಯಲ್ಲಿ ತಂದೆತಾಯಿಗೂ ಕುರ್ಚಿ ಇರಬೇಕು. ಒಪ್ಪಿಗೆಯಾಗದಿದ್ದರೆ ಅವರು ವಿಚಾರಣೆ ಕೇಳಬಹುದು. ಜೊತೆಗೆ, ಆದಷ್ಟೂ ಬೇರೆ ಮಕ್ಕಳ ಜೊತೆಯಲ್ಲೇ ಕಲಿಸಬೇಕು, ಬೇರೆ ಕೂರಿಸುವುದಾದರೆ ಅದಕ್ಕೆ ಕಾರಣ ಕೊಡಬೇಕು.

ಎಷ್ಟು ಕಲಿಸಿದರೆ ಸಾಕು ಅನ್ನುವ ಜಗಳ ಮಾತ್ರ ನಿಲ್ಲಲಿಲ್ಲ. 1982ರಲ್ಲಿ ಒಬ್ಬ ಕಿವುಡ ಹುಡುಗಿ ಸನ್ನೆ ಭಾಷೆಯ ದುಭಾಷಿ ಬೇಕು ಅಂತ ಕೇಳಿದಾಗ, ಅವಳು ಹೇಗೂ ಪಾಸಾಗುತ್ತಿದ್ದಾಳೆ, ಏನೋ ಒಂದಷ್ಟು ಪ್ರಯೋಜನ ಸಿಗುತ್ತಿದ್ದರೆ ಸಾಕು ಅಂದುಬಿಟ್ಟಿತು ಅಲ್ಲಿನ ಸುಪ್ರೀಂ ಕೋರ್ಟ್. ಆ ಅಳತೆಯನ್ನು ಎತ್ತರಿಸಿದ್ದು 2017ರಲ್ಲಿ, ಆಟಿಸಂ (ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟವಾಗುವ ಸ್ಥಿತಿ) ಇರುವ ಹುಡುಗನೊಬ್ಬನ ಕೇಸಿನಲ್ಲಿ. ಹೆಸರಿಗೆ ಒಂದಿಷ್ಟು ಪ್ರಗತಿ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ದೊಡ್ಡ ಗುರಿಯೇ ಇರಬೇಕು ಅಂತ ಆಗ ಹೇಳಿತು.

ಇನ್ನೊಂದು ವಿಷಯ. ಕಾನೂನು ಪಾಸಾಗುವುದು ಬೇರೆ, ಅದಕ್ಕೆ ನಿಯಮ ಬರೆಯುವುದು ಬೇರೆ. ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದು ಅನ್ನುವ 504ನೇ ಸೆಕ್ಷನ್ ಅಮೆರಿಕದಲ್ಲಿ 1973ರಲ್ಲೇ ಬಂದಿತ್ತು. ಆದರೆ ನಿಯಮಕ್ಕೆ ಸಹಿ ಬೀಳಲೇ ಇಲ್ಲ. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರು ಮೂರು ವಾರಕ್ಕೂ ಜಾಸ್ತಿ ಕೂತರು, ಗಾಲಿಕುರ್ಚಿಯವರು, ಕಿವುಡರು, ಕುರುಡರು ಎಲ್ಲ ಸೇರಿ. ಸಹಿ ಬಿತ್ತು.

ನಮ್ಮಲ್ಲಿ ಏನಾಯಿತು? 1964-66ರ ಕೊಠಾರಿ ಶಿಕ್ಷಣ ಆಯೋಗ ಈ ಮಕ್ಕಳನ್ನು ಆದಷ್ಟು ಸಾಮಾನ್ಯ ಶಾಲೆಗೇ ತನ್ನಿ ಅಂತ ಹೇಳಿತ್ತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಯೋಜನೆ ಮಾಡಿತು, ಪುಸ್ತಕ, ಸಮವಸ್ತ್ರ, ಓಡಾಟದ ಖರ್ಚು ಇತ್ಯಾದಿ. ಯೋಜನೆ ಅಂದರೆ ಸರ್ಕಾರ ಮನಸ್ಸು ಮಾಡಿದಾಗ ಕೊಡುವುದು. ಕೊಡದಿದ್ದರೆ ಕೇಳಲು ಬರಲ್ಲ. ಕಾನೂನು ಬಂದದ್ದು 1995ರ ಕೊನೆಗೆ. ಅದರ ಹಿಂದೆ 1992ರಲ್ಲಿ ಬೀಜಿಂಗ್‌ನಲ್ಲಿ ನಡೆದ ಏಷ್ಯಾ ದೇಶಗಳ ಸಭೆಯ ಘೋಷಣೆಯೂ ಇತ್ತು, ಗಾಲಿಕುರ್ಚಿಯಲ್ಲೇ ಸಂಸತ್ತಿನ ಬಾಗಿಲಿಗೆ ಹೋರಾಟ ಒಯ್ದ ಜಾವೇದ್ ಆಬಿದಿಯಂಥವರ ಒತ್ತಡವೂ ಇತ್ತು. 1996ರ ಫೆಬ್ರವರಿ 7ರಿಂದ ಅದು ಜಾರಿಗೆ ಬಂತು. 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ಉದ್ಯೋಗದಲ್ಲಿ ಶೇ. 3 ಮೀಸಲಾತಿ, ಎಲ್ಲ ಬರೆದಿದ್ದರು. ಆದರೆ ಇಳಿಜಾರು ದಾರಿ, ಬಸ್ಸಿನಲ್ಲಿ ಅನುಕೂಲ ಅನ್ನುವ ಕಡೆಯೆಲ್ಲ "ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ" ಅನ್ನುವ ಮಾತನ್ನೂ ಸೇರಿಸಿಬಿಟ್ಟರು. ವಾಷಿಂಗ್ಟನ್‌ನ ನ್ಯಾಯಾಧೀಶರು ಯಾವ ನೆಪವನ್ನು ಒಪ್ಪಲಿಲ್ಲವೋ ಅದನ್ನೇ ನಾವು ಕಾಯ್ದೆಯೊಳಗೆ ಕೂರಿಸಿಕೊಂಡೆವು, ಅಲ್ವಾ?

ಆ ಕಾಯ್ದೆ ಗುರುತಿಸಿದ್ದು ಏಳೇ ಬಗೆಯ ಅಂಗವೈಕಲ್ಯ. ಆಟಿಸಂ ಇಲ್ಲ, ಓದುಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಇಲ್ಲ. (1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಮತ್ತು ಸೆರೆಬ್ರಲ್ ಪಾಲ್ಸಿಯವರನ್ನು ಸೇರಿಸಿಕೊಂಡಿತು, ಆದರೆ ಅದರ ಮುಖ್ಯ ಚಿಂತೆ ಪೋಷಕತ್ವದ್ದು, ಶಾಲೆಯದಲ್ಲ.) ಇನ್ನೊಂದು ಕಡೆ, ಎಲ್ಲದಕ್ಕೂ ಶೇ. 40 ಅನ್ನುವ ಗೆರೆ. ಆ ಗೆರೆ ದಾಟಿದ್ದೀರಿ ಅಂತ ವೈದ್ಯರು ಬರೆದುಕೊಡಬೇಕು. ಇಲ್ಲೇ ನಮ್ಮ ಕಡೆಯವರ ಕಥೆ ಬೇರೆಯಾಗುವುದು. 2007ರಲ್ಲಿ ರಾಯಚೂರಿಗೆ ರಿಮ್ಸ್ ಬರುವವರೆಗೆ ಈ ಮೂರು ಜಿಲ್ಲೆಗೂ ಸೇರಿ ಸರ್ಕಾರಿ ಮೆಡಿಕಲ್ ಕಾಲೇಜು ಅಂತ ಇದ್ದದ್ದು ಬಳ್ಳಾರಿಯಲ್ಲಿ ಮಾತ್ರ. ಕೊಪ್ಪಳಕ್ಕೆ ಬಂದದ್ದು 2015ರಲ್ಲಿ. ಲಿಂಗಸುಗೂರಿನ ಆಚೆಯ ಹಳ್ಳಿಯಿಂದ ಕೂಲಿ ಬಿಟ್ಟು, ನಡೆಯಲಾಗದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಎರಡು ಬಸ್ ಬದಲಾಯಿಸಿ ಹೋದರೆ, "ಇವತ್ತು ಕಿವಿ ಡಾಕ್ಟರ್ ಇಲ್ಲ, ಮುಂದಿನ ವಾರ ಬರ್ರಿ." ಕಿವಿಯ ತಪಾಸಣೆ ಪಕ್ಕಾ ಆಗಲಿ ಅಂತ 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರೆಗೆ ಹೋದವರೂ ಇದ್ದಾರೆ. ಹಕ್ಕು ದೆಹಲಿಯಲ್ಲಿ ಪಾಸಾಯಿತು, ಅದನ್ನು ತೆಗೆದುಕೊಳ್ಳುವ ಬಸ್ ಚಾರ್ಜು ಮಾತ್ರ ಅಪ್ಪನ ಜೇಬಿನದು.

ಎಷ್ಟು ಜನ ಇದ್ದಾರೆ ಅನ್ನುವುದೂ ಸರಿಯಾಗಿ ಎಣಿಕೆ ಆಗಿರಲಿಲ್ಲ. 1991ರ ಜನಗಣತಿಯಲ್ಲಿ ಅಂಗವೈಕಲ್ಯದ ಪ್ರಶ್ನೆಯೇ ಇರಲಿಲ್ಲ. ಹೋರಾಟ ಮಾಡಿ 2001ರಲ್ಲಿ ಸೇರಿಸಿದ ಮೇಲೆ 2.19 ಕೋಟಿ ಅಂತ ಬಂತು, 2011ರಲ್ಲಿ 2.68 ಕೋಟಿ. ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ಜನಸಂಖ್ಯೆಯ ಶೇ. 2ರ ಆಸುಪಾಸಿನ ಈ ಲೆಕ್ಕ ನನಗೆ ಕಡಿಮೆ ಅನ್ನಿಸುತ್ತದೆ. ಮನೆಗೆ ಬಂದ ಗಣತಿಯವರ ಮುಂದೆ ಮಗಳ ಬಗ್ಗೆ ಹೇಳಿದರೆ ನಾಳೆ ಗಂಡು ಸಿಗಲ್ಲ ಅಂತ ಮುಚ್ಚಿಡುವವರು ನಮ್ಮಲ್ಲಿ ಇಲ್ಲವೇ?

ಸರ್ವ ಶಿಕ್ಷಣ ಅಭಿಯಾನ 2001ರಲ್ಲಿ ಬಂದಾಗ ಯಾವ ಮಗುವನ್ನೂ ಶಾಲೆ ತಿರಸ್ಕರಿಸಬಾರದು ಅನ್ನುವ ನೀತಿ ಬಂತು. ಬಿಇಓ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿ, ಬಿಆರ್‌ಸಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಸುತ್ತಮುತ್ತ ನೀವು ಕೇಳುವ ಬಿ.ಐ.ಇ.ಆರ್.ಟಿ. ಅನ್ನುವ ಹುದ್ದೆ, ಅಂದರೆ ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಿ ಈ ಮಕ್ಕಳನ್ನು ನೋಡಬೇಕಾದ ಸಂಪನ್ಮೂಲ ಶಿಕ್ಷಕರು, ಆ ಕಾರ್ಯಕ್ರಮದ ಫಲ. ಆಮೇಲೆ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ. 2012ರಲ್ಲಿ ಅದನ್ನು ತಿದ್ದಿ ಅಂಗವೈಕಲ್ಯ ಇರುವ ಮಕ್ಕಳನ್ನು ಅವಕಾಶವಂಚಿತ ಗುಂಪಿಗೆ ಸೇರಿಸಿದರು, ತೀವ್ರ ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಕಲಿಯುವ ಅವಕಾಶವನ್ನೂ ಇಟ್ಟರು.

ಈ ಕೊನೆಯದರ ಬಗ್ಗೆ ಹುಷಾರಾಗಿರಬೇಕು. ಗೃಹಾಧಾರಿತ ಶಿಕ್ಷಣ ಅನ್ನುವುದು ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ನಿಜವಾಗಿಯೂ ಬೇಕು. ಆದರೆ ಅದು ಮನೆಯವರು ಬೇಕು ಅಂದಾಗ ಸಿಗಬೇಕಾದ ಆಯ್ಕೆ. ಶಾಲೆಗೆ ಕಷ್ಟ ಅನ್ನಿಸಿದ ಮಗುವಿನ ಹೆಸರನ್ನು ಸುಮ್ನೆ ಆ ಪಟ್ಟಿಗೆ ಬರೆದು, ತಿಂಗಳಿಗೊಮ್ಮೆ ಯಾರೋ ಬಂದು ಸಹಿ ಮಾಡಿಸಿಕೊಂಡು ಹೋದರೆ, ಹಳೇ ಕಾಲದ ವಿನಾಯಿತಿಯೇ ಹೊಸ ಹೆಸರಲ್ಲಿ ವಾಪಸ್ ಬಂದ ಹಾಗೆ.

ಇನ್ನು ಅಂಗವಿಕಲರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆಯ ಒಡಂಬಡಿಕೆ. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಅನುಮೋದಿಸಿತು. ಅದಕ್ಕೆ ತಕ್ಕ ಹಾಗೆ ನಮ್ಮ ಕಾನೂನು ಬದಲಾಗಬೇಕಿತ್ತು. ಬದಲಾಗಲು 2016ರ ಡಿಸೆಂಬರ್ ಬೇಕಾಯಿತು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಏಳು ಬಗೆ ಹೋಗಿ 21 ಆದವು: ಆಟಿಸಂ, ಕಲಿಕಾ ನ್ಯೂನತೆ, ಕುಬ್ಜತೆ, ಥಲಸ್ಸೇಮಿಯಾ, ಆ್ಯಸಿಡ್ ದಾಳಿಗೆ ತುತ್ತಾದವರು ಎಲ್ಲ ಸೇರಿದರು. ಉದ್ಯೋಗದಲ್ಲಿ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು.

ಈ ಕಾಯ್ದೆಯಲ್ಲಿ ಜನ ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ಶೇ. 40ರ ಗೆರೆ ಎಲ್ಲದಕ್ಕೂ ಅನ್ವಯಿಸಲ್ಲ. ಮೀಸಲಾತಿಗೆ, 31ನೇ ಸೆಕ್ಷನ್ನಿನ ಉಚಿತ ಶಿಕ್ಷಣಕ್ಕೆ ಆ ಗೆರೆ ಬೇಕು. ಆದರೆ ತಾರತಮ್ಯ ಮಾಡಬಾರದು, ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವುದಕ್ಕೆ ಬೇಡ. 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳೂ, ಅಂದರೆ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗಳೂ, ಈ ಮಕ್ಕಳನ್ನು ಸೇರಿಸಿಕೊಂಡು ಅವರಿಗೆ ತಕ್ಕ ಅನುಕೂಲ ಮಾಡಬೇಕು. ಮುಂದಿನ ಬೆಂಚು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಕೆಳಗಿನ ಮಹಡಿಯ ಕೋಣೆ, ಇಷ್ಟೇ ಸಾಕಾಗುವ ಮಕ್ಕಳು ತುಂಬಾ ಇದ್ದಾರೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಖಡಕ್ಕಾಗಿ ಹೇಳಿತು. ಬರೆಯುವಾಗ ಕೈ ಸೆಟೆಯುವ ತೊಂದರೆ ಇದ್ದ ಅಭ್ಯರ್ಥಿ ಯುಪಿಎಸ್‌ಸಿ ಪರೀಕ್ಷೆಗೆ ಬರಹಗಾರರನ್ನು ಕೇಳಿದ್ದರು, ಶೇ. 40 ಇಲ್ಲ ಅಂತ ಕೊಟ್ಟಿರಲಿಲ್ಲ. ಬರಹಗಾರರನ್ನು ಕೊಡಲು ಆ ಗೆರೆಯನ್ನು ಅಡ್ಡ ಇಡಬಾರದು ಅಂತ ಕೋರ್ಟ್ ಹೇಳಿತು.

ಶಿಕ್ಷಕರ ವಿಷಯಕ್ಕೆ ಬಂದರೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಕೊಟ್ಟಿತು: ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು. ನಿಮ್ಮ ತಾಲ್ಲೂಕಿನಲ್ಲಿ ಎಷ್ಟಿದ್ದಾರೆ, ಎಷ್ಟು ಇರಬೇಕಿತ್ತು ಅನ್ನುವುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೇಳಿ.

ಹಾಗಾದರೆ ಸ್ಪೆಷಲ್ ಶಾಲೆ ಕೆಟ್ಟದ್ದಾ? ನನಗೆ ಹಾಗನ್ನಿಸಲ್ಲ. ಹುಟ್ಟಿನಿಂದ ಕಿವಿ ಕೇಳದ ಮಗುವನ್ನು ಸನ್ನೆ ಬಾರದ 40 ಮಕ್ಕಳ ನಡುವೆ ಕೂರಿಸಿ, "ನೋಡಿ, ಸಮನ್ವಯ ಶಿಕ್ಷಣ, ಎಲ್ಲರೂ ಒಟ್ಟಿಗೇ ಕಲೀತಾರೆ" ಅಂದರೆ ಆ ಮಗು ಇಡೀ ದಿನ ಒಬ್ಬಂಟಿ. ಅದಕ್ಕೆ ತನ್ನ ಭಾಷೆ ಆಡುವ ಗೆಳೆಯರು ಬೇಕು. ಪೋಲಿಯೋ ಆದ ಹುಡುಗಿಗೆ ಸ್ಪೆಷಲ್ ಶಾಲೆಯ ಅಗತ್ಯವೇ ಇಲ್ಲ, ಬೇಕಾದದ್ದು ಬಾಗಿಲಲ್ಲಿ ಇಳಿಜಾರು ಮತ್ತು ಬಳಸಲು ಬರುವ ಶೌಚಾಲಯ. ಮಗುವಿನಿಂದ ಮಗುವಿಗೆ ಉತ್ತರ ಬೇರೆಯಾಗುವುದರಿಂದಲೇ ಕಾನೂನು ಎರಡೂ ಬಾಗಿಲು ತೆರೆದಿಟ್ಟು ಆಯ್ಕೆಯನ್ನು ಮಗುವಿಗೆ ಕೊಟ್ಟದ್ದು.

ಅಮೆರಿಕದ ಕಾನೂನಿಗೂ ನಮ್ಮದಕ್ಕೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು: ಅಲ್ಲಿ ತಾಯಿಯ ಕೈಗೆ ಒಂದು ಯೋಜನೆಯ ಕಾಗದ ಬರುತ್ತದೆ, ಇಲ್ಲಿ ಪರ್ಸೆಂಟಿನ ಕಾಗದ ಬರುತ್ತದೆ. ಯೋಜನೆಯ ಕಾಗದ ಶಾಲೆಯನ್ನು ಕಟ್ಟಿಹಾಕುತ್ತದೆ. ಪರ್ಸೆಂಟಿನ ಕಾಗದ ಮಗುವನ್ನು ಅಳೆಯುತ್ತದೆ, ಶಾಲೆಗೆ ಏನೂ ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಕೇಳುವ ಕೆಲಸ ಮನೆಯವರ ಮೇಲೇ ಬೀಳುತ್ತದೆ.

ಕೇಳುವುದು ಎಲ್ಲಿ? ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅಂತ ಕರೆಯುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರಿಂದ ಅರ್ಜಿ ಹಾಕಿಸಬಹುದು. ಈ ಪ್ರಮಾಣಪತ್ರ ಇಡೀ ದೇಶದಲ್ಲಿ ನಡೆಯುತ್ತದೆ, ಹಾಗಾಗಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಮನೆಯವರು ಅದನ್ನು ಊರಲ್ಲೇ ಬಿಟ್ಟು ಹೋಗಬೇಡಿ. ಶಾಲೆ ಸೇರಿಸಿಕೊಳ್ಳದಿದ್ದರೆ ಬಿಇಓಗೆ, ಆಮೇಲೆ ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ) ಬರೆಯಿರಿ. ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಈ ಮಕ್ಕಳ ದಾಖಲಾತಿ ನೋಡಿಕೊಳ್ಳಲೆಂದೇ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಕೇಂದ್ರದ 2017ರ ನಿಯಮಗಳು ಹೇಳುತ್ತವೆ, ಅವರ ಹೆಸರು ಕೇಳಿ ಪಡೆಯಿರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರು. ಅವರಿಗೆ ವಿಚಾರಣೆಗೆ ಕರೆಸಲು, ಕಡತ ತರಿಸಲು ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ, ಅವರು ಶಿಫಾರಸು ಮಾಡಿದರೆ ಏನು ಕ್ರಮ ತೆಗೆದುಕೊಂಡೆವು ಅಂತ ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಕಾಯ್ದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯುವುದೂ ಬೇಡ: 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಇರುವವರಿಗೆ, ಹಾಗೆಯೇ ಎಲ್ಲ ಮಹಿಳೆಯರು ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ.

ಅರ್ಜಿ ಬಾಯಿಮಾತಿನಲ್ಲಿ ಕೊಡಬೇಡಿ. ಒಂದು ಹಾಳೆ ಸಾಕು. ಮಗುವಿನ ಹೆಸರು, ವಯಸ್ಸು, ಶಾಲೆಗೆ ಹೋದ ತಾರೀಕು, 16 ಮತ್ತು 31ನೇ ಸೆಕ್ಷನ್, ಏನು ಅನುಕೂಲ ಬೇಕು ಅನ್ನುವುದು. ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ತಾರೀಕಿನ ಸಮೇತ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.